ಗಡಿ ತಾಲ್ಲೂಕುಗಳಲ್ಲಿ ಕುರಿ ಕಳ್ಳತನ: ಕುರಿಗಾಹಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪಾವಗಡ, ಮಧುಗಿರಿ, ಶಿರಾ, ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು. ಆಂಧ್ರದ ಅಂಚಿನಲ್ಲಿರುವ ಈ ತಾಲ್ಲೂಕುಗಳಲ್ಲಿ ಕುರಿ, ಮೇಕೆ ಸಾಕುವವರಿಗಾಗಿ ಬರೆದದ್ದು ಇದು. ರೊಪ್ಪ ಎಂದರೂ ದೊಡ್ಡಿ ಎಂದರೂ ಕುರಿ ಕೂಡುವ ಜಾಗವೇ. ಕೆಳಗೆ ರೊಪ್ಪ ಎಂದೇ ಬರೆದಿದ್ದೇವೆ.

ಕುರಿ ಕಳ್ಳತನ ನಡೆಯುವುದು ಹೇಗೆ?

ಎರಡು ಬಗೆ. ಹಗಲಿನದು ಸಣ್ಣದು: ರಸ್ತೆ ಬದಿ ಮೇಯುವ ಹಿಂಡಿನ ಪಕ್ಕ ಕಾರೋ ಆಟೋವೋ ನಿಲ್ಲುತ್ತದೆ. ಒಬ್ಬ ಇಳಿದು ಬಂದು ದಾರಿ ಕೇಳುತ್ತಾನೆ, ಬೀಡಿಗೆ ಬೆಂಕಿ ಕೇಳುತ್ತಾನೆ, ಇಲ್ಲವೇ ಕುರಿ ರೇಟು ಕೇಳುತ್ತಾನೆ. ನೀವು ಅವನ ಕಡೆ ಮುಖ ಮಾಡಿದಾಗ ಹಿಂಡಿನ ಬಾಲದಲ್ಲಿದ್ದ ಎರಡು ಮೂರು ಕುರಿ ಗಾಡಿ ಸೇರಿರುತ್ತವೆ. ಹಿಂದಿನ ಸೀಟು ಕಿತ್ತ ಕಾರು ಕಂಡರೆ ಎಚ್ಚರ.

ರಾತ್ರಿಯದು ದೊಡ್ಡದು. ಮೊದಲೇ ಯಾರೋ ಬಂದು ರೊಪ್ಪ ನೋಡಿಕೊಂಡು ಹೋಗಿರುತ್ತಾರೆ, ಕುರಿ ಕೊಳ್ಳುವವರ ವೇಷದಲ್ಲೇ ಹೆಚ್ಚು. ರಾತ್ರಿ ಒಂದರಿಂದ ನಾಲ್ಕರ ನಡುವೆ, ಗಾಡಿಯನ್ನು ಮುನ್ನೂರು ನಾನೂರು ಅಡಿ ದೂರ ನಿಲ್ಲಿಸಿ, ಬಲೆ ಕೊಯ್ದು, ದಪ್ಪಗಿರುವುದನ್ನೇ ಆರಿಸಿ ಹೊತ್ತೊಯ್ಯುತ್ತಾರೆ. ಸಣ್ಣ ಗೂಡ್ಸ್ ಗಾಡಿಗೆ ಕಾಲು ಕಟ್ಟಿ ತುರುಕಿದರೆ ಇಪ್ಪತ್ತರ ಸುಮಾರು ಹಿಡಿಸುತ್ತವೆ. ಕೆಲಸವೆಲ್ಲ ಅರ್ಧ ಗಂಟೆಯೊಳಗೆ.

ಕುರಿಯನ್ನು ಹಿಡಿದೆತ್ತಿದರೆ ಅದು ಬಹುಮಟ್ಟಿಗೆ ಅರಚುವುದಿಲ್ಲ, ಮರಗಟ್ಟಿದ ಹಾಗೆ ಸುಮ್ಮನಾಗುತ್ತದೆ. ಮೇಕೆ ಹಾಗಲ್ಲ, ಊರಿಗೆಲ್ಲ ಕೇಳುವಂತೆ ಬೊಬ್ಬೆ ಹಾಕುತ್ತದೆ. ನೂರು ಕುರಿಯಲ್ಲಿ ನಾಲ್ಕೈದು ಮೇಕೆ ಇಟ್ಟುಕೊಳ್ಳುವ ಹಳೆಯ ರೂಢಿಗೆ ಹಾಲಿನ ಜೊತೆಗೆ ಇದೂ ಒಂದು ಲಾಭ. ರಾತ್ರಿ ಅವನ್ನು ರೊಪ್ಪದ ನಡುವೆ ಕಟ್ಟಬೇಡಿ, ರಸ್ತೆ ಕಡೆಯ ಅಂಚಿಗೆ ಕಟ್ಟಿ.

ಗಡಿ ಹತ್ತಿರವಿದ್ದರೆ ಕಳ್ಳತನ ಯಾಕೆ ಹೆಚ್ಚು ತೊಂದರೆ ಕೊಡುತ್ತದೆ?

ಪಾವಗಡವನ್ನೇ ನೋಡಿ. ಮೂರು ದಿಕ್ಕಿನಲ್ಲೂ ಆಂಧ್ರ. ಊರಿನಿಂದ ಬಹುತೇಕ ಯಾವ ಕಡೆ ಗಾಡಿ ಓಡಿಸಿದರೂ ಸ್ವಲ್ಪ ಹೊತ್ತಿನಲ್ಲಿ ರಾಜ್ಯ ಬದಲಾಗುತ್ತದೆ. ಬಾಗೇಪಲ್ಲಿಯಿಂದ ರಾಷ್ಟ್ರೀಯ ಹೆದ್ದಾರಿ 44 ಹತ್ತಿದರೆ ಸಾಕು, ಮುಳಬಾಗಿಲಿನಿಂದ 75. ಗೌರಿಬಿದನೂರಿನವರಿಗೆ ಹಿಂದೂಪುರ ಪಕ್ಕದೂರು. ಗಡಿ ದಾಟಿದರೆ ಠಾಣೆ ಬೇರೆ, ಎಸ್‌ಪಿ ಬೇರೆ, ಕಾಗದದ ಭಾಷೆ ಬೇರೆ.

ಆದರೂ ನಮ್ಮ ಅಭಿಪ್ರಾಯದಲ್ಲಿ ಗಡಿಗಿಂತ ದೊಡ್ಡ ತೊಡಕು ಬೇರೆಯದು. ಹಿಂದೂಪುರದಲ್ಲೋ ಮದನಪಲ್ಲಿಯಲ್ಲೋ ಗಾಡಿ ಸಿಕ್ಕಿತು, ಒಳಗೆ ಹದಿನೆಂಟು ಕುರಿ ಇವೆ ಎನ್ನೋಣ. ಅವು ನಿಮ್ಮವೇ ಎಂದು ತೋರಿಸುವುದು ಹೇಗೆ? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾಕುವ ನೆಲ್ಲೂರು ತಳಿ ಗಡಿಯಾಚೆಗೂ ಅದೇ. ‘ನನ್ನ ಕುರಿ ನನಗೆ ಗೊತ್ತಿಲ್ಲವೇ’ ಎಂಬುದು ನಿಜ, ಕುರಿಗಾಹಿಗೆ ಪ್ರತಿ ಮುಖವೂ ಗೊತ್ತು. ಕೋರ್ಟಿಗೆ ಗೊತ್ತಿಲ್ಲ. ಕಳ್ಳ ಸಿಕ್ಕಿಯೂ ಕುರಿ ವಾಪಸು ಬಾರದಿರುವುದು ಬಹಳ ಸಲ ಇಲ್ಲೇ. ಅದಕ್ಕಾಗಿಯೇ ಮುಂದೆ ಗುರುತು ಮತ್ತು ಲೆಕ್ಕದ ಬಗ್ಗೆ ಉದ್ದವಾಗಿ ಬರೆದಿದ್ದೇವೆ.

ಯಾವ ದಿನಗಳಲ್ಲಿ ಹೆಚ್ಚು ಎಚ್ಚರ ಬೇಕು?

ಮಾಂಸಕ್ಕೆ ಬೆಲೆ ಏರುವ ದಿನಗಳ ಹಿಂದಿನ ಎರಡು ವಾರ: ಯುಗಾದಿಯ ಹೊಸತೊಡಕು, ಬಕ್ರೀದ್, ಪಿತೃಪಕ್ಷ, ಊರೂರಿನ ಮಾರಮ್ಮನ ಜಾತ್ರೆಗಳು. ಜೊತೆಗೆ ಅಮಾವಾಸ್ಯೆಯ ಆಸುಪಾಸು. ಮಳೆ ಹನಿಯುವ ರಾತ್ರಿಯೂ ಅಷ್ಟೇ ಅಪಾಯ, ಏಕೆಂದರೆ ಸದ್ದು ಕೇಳುವುದಿಲ್ಲ, ಕಾವಲಿನವರು ಕಂಬಳಿ ಮುಸುಕು ಹೊದ್ದು ಮಲಗಿರುತ್ತಾರೆ. ಊರಲ್ಲಿ ನಾಟಕವೋ ತೇರೋ ಇದ್ದ ರಾತ್ರಿ ಎಲ್ಲರೂ ಹೋಗಬೇಡಿ.

ರೊಪ್ಪವನ್ನು ಎಲ್ಲಿ, ಹೇಗೆ ಹಾಕಬೇಕು?

ಮೊದಲು ಗಾಡಿ ಬರುವ ದಾರಿ ನೋಡಿ. ಗಾಡಿಯಿಲ್ಲದೆ ಇಪ್ಪತ್ತು ಕುರಿ ಹೋಗುವುದಿಲ್ಲ. ಆದ್ದರಿಂದ ಬೇಲಿಯ ಮೇಲೆ ಖರ್ಚು ಮಾಡುವ ಮುಂಚೆ ಗಾಡಿಜಾಡಿಗೆ ಅಡ್ಡ ಹಾಕಿ. ರೊಪ್ಪಕ್ಕೆ ಬರುವ ಜಾಡಿನಲ್ಲಿ, ಕನಿಷ್ಠ ಐನೂರು ಅಡಿ ದೂರದಲ್ಲಿ, ಇಬ್ಬರು ಸೇರಿ ಉರುಳಿಸಬೇಕಾದಂಥ ನಾಲ್ಕು ಗುಂಡುಕಲ್ಲು ಸಾಲಾಗಿ ಇಡಿ. ನಮ್ಮ ಕಡೆ ಗುಂಡಿಗೇನೂ ಬರವಿಲ್ಲ. ಗುಂಡುಗಳ ನಡುವಿನ ಸಂದು ಮೂರು ಅಡಿ ಮೀರಬಾರದು, ಬೈಕು ದಾಟಲಿ, ಗೂಡ್ಸ್ ಗಾಡಿ ದಾಟಬಾರದು. ಕಲ್ಲಿಲ್ಲದ ಕಡೆ ಎರಡು ಅಡಿ ಅಗಲ, ಎರಡು ಅಡಿ ಆಳದ ಚರಂಡಿ ತೋಡಿ. ಜಾಡು ನಿಮ್ಮದೇ ಜಮೀನಿನದಾಗಿದ್ದರೆ ಮಾತ್ರ ಇದನ್ನು ಮಾಡಿ. ಊರ ದಾರಿಗೆ ಅಡ್ಡ ಹಾಕಿದರೆ ಜಗಳ ನಿಮ್ಮ ಮೈಮೇಲೆ ಬರುತ್ತದೆ.

ನೈಲಾನ್ ಬಲೆ ಕುರಿ ಹೊರಗೆ ಹೋಗದಂತೆ ತಡೆಯುತ್ತದೆ, ಕಳ್ಳ ಒಳಗೆ ಬರುವುದನ್ನು ತಡೆಯುವುದಿಲ್ಲ. ಕುಡುಗೋಲಿನ ಒಂದು ಎಳೆತಕ್ಕೆ ಬಾಗಿಲಾಗುತ್ತದೆ. ಬಲೆಯ ಹೊರಗೆ ಜಾಲಿಮುಳ್ಳಿನ ಪಟ್ಟಿ ಮೂರು ಅಡಿ ಅಗಲಕ್ಕೆ, ಬುಡ ಒಳಗೆ ತುದಿ ಹೊರಗೆ ಬರುವಂತೆ ಒತ್ತೊತ್ತಾಗಿ ಹಾಕಿ. ಒಣಗಿ ಕುಗ್ಗಿದಂತೆಲ್ಲ ಹದಿನೈದು ದಿನಕ್ಕೊಮ್ಮೆ ಮೇಲೆ ಸೇರಿಸಬೇಕು. ಇದನ್ನು ಮರೆಯುವವರೇ ಹೆಚ್ಚು, ಮೂರನೇ ತಿಂಗಳಿಗೆ ಮುಳ್ಳು ಮೊಣಕಾಲುದ್ದವೂ ಇರುವುದಿಲ್ಲ.

ಮುಳ್ಳಿನಾಚೆ ಮೊಣಕಾಲೆತ್ತರದಲ್ಲಿ ತೆಳು ಕಬ್ಬಿಣದ ತಂತಿ ಎಳೆದು, ಹತ್ತು ಅಡಿಗೊಂದರಂತೆ ಒಳಗೆ ಎರಡೆರಡು ಕಲ್ಲು ಹಾಕಿದ ಖಾಲಿ ಡಬ್ಬ ತೂಗುಹಾಕಿ. ಗಾಳಿಗೆ ದಿನವೂ ಬಡಿಯುವಷ್ಟು ಸಡಿಲ ಇರಬಾರದು. ನಾಲ್ಕು ದಿನ ಸುಮ್ಮನೆ ಸದ್ದಾದರೆ ಐದನೇ ದಿನ ಯಾರೂ ಏಳುವುದಿಲ್ಲ. ಮಂಚ ಬಾಗಿಲಿಗೆ ಅಡ್ಡ, ಬಾಗಿಲು ಒಂದೇ. ಇಬ್ಬರಿದ್ದರೆ ಒಬ್ಬರು ಬಾಗಿಲಲ್ಲಿ, ಇನ್ನೊಬ್ಬರು ಅದರ ಎದುರು ಮೂಲೆಯಲ್ಲಿ. ಒಂದೇ ಕಡೆ ಮಲಗಿದರೆ ಇಬ್ಬರನ್ನೂ ಒಟ್ಟಿಗೆ ಹಿಡಿದು ಕೂರಿಸುವುದು ಸುಲಭ.

ನಾಯಿ ಇದ್ದೂ ಕಳ್ಳತನ ಆಗುತ್ತದಲ್ಲ?

ಆಗುತ್ತದೆ. ನಾಯಿಗೆ ಮೊದಲೇ ಬಾಡು ಹಾಕಿ ಪರಿಚಯ ಮಾಡಿಕೊಳ್ಳುತ್ತಾರೆ, ಇಲ್ಲವೇ ವಿಷ ಬೆರೆಸುತ್ತಾರೆ. ನಾಯಿಗೆ ಹಗಲು ಕಟ್ಟು, ರಾತ್ರಿ ಬಿಡುಗಡೆ. ಊಟ ಒಬ್ಬರ ಕೈಯಿಂದ, ಒಂದೇ ತಟ್ಟೆಯಲ್ಲಿ, ಕತ್ತಲಾಗುವ ಮುಂಚೆ ಹೊಟ್ಟೆ ತುಂಬ. ಹಸಿದ ನಾಯಿ ಕಾಯುವುದಿಲ್ಲ, ಹುಡುಕುತ್ತದೆ.

ಕೀಟನಾಶಕ ತಿಂದ ನಾಯಿ ಜೊಲ್ಲು ಸುರಿಸುತ್ತದೆ, ನಡುಗುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಶ್ವಾಸಕೋಶಕ್ಕೆ ಇಳಿದು ಬೇಗ ಸಾಯುತ್ತದೆ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ಪಶುವೈದ್ಯರ ಬಳಿ ಇದಕ್ಕೆ ಚುಚ್ಚುಮದ್ದು ಇದೆ. ಉಳಿದ ಬಾಡಿನ ತುಂಡನ್ನು ಕೈಗೆ ಕವರ್ ಸುತ್ತಿಕೊಂಡು ಎತ್ತಿಡಿ, ದೂರಿಗೆ ಬೇಕಾಗುತ್ತದೆ. ನಾಯಿ ವಿಷದಿಂದ ಬಿದ್ದ ರಾತ್ರಿಯೇ ಕಳ್ಳತನ ಆಗಬೇಕೆಂದಿಲ್ಲ, ಮರುದಿನವೋ ಅದರ ಮರುದಿನವೋ ಬರಬಹುದು. ಆ ವಾರವೆಲ್ಲ ಇಬ್ಬರು ಮಲಗಿ.

ಕುರಿಗೆ ಯಾವ ಗುರುತು ಒಳ್ಳೆಯದು? ನಾವು ಬಣ್ಣ ಹಚ್ಚುತ್ತೇವೆ, ಸಾಲದೇ?

ಬಣ್ಣ ಸಂತೆಯಲ್ಲಿ ನಿಮ್ಮ ಕುರಿ ಬೇರೆಯವರದರೊಡನೆ ಬೆರೆಯದಿರಲು ಸಾಕು. ಕಳ್ಳನಿಗೆ ಕತ್ತರಿ ಸಾಕು, ಉಣ್ಣೆಯ ಜೊತೆ ಬಣ್ಣವೂ ಹೋಗುತ್ತದೆ.

ಕಿವಿ ಕಚ್ಚು ಹಾಕುವುದು, ಅಂದರೆ ಕಿವಿಯ ಅಂಚು ಕೊಯ್ದು ಗುರುತು ಮಾಡುವುದು, ನಮ್ಮ ಹಟ್ಟಿಗಳಲ್ಲಿ ತಲೆಮಾರಿನಿಂದ ಬಂದದ್ದು. ಅಳಿಸಲಾಗದು ಎಂಬುದು ಅದರ ಬಲ. ಒಂದೇ ಹಟ್ಟಿಯ ಹತ್ತು ಮನೆಯವರೂ ಒಂದೇ ಬಗೆಯ ಕಚ್ಚು ಹಾಕಿದರೆ ಅದೇ ದೌರ್ಬಲ್ಯ. ಮನೆಗೊಂದು ಕಚ್ಚು ಎಂದು ಒಪ್ಪಂದ ಮಾಡಿಕೊಂಡು, ಯಾವ ಮನೆಗೆ ಯಾವ ಕಿವಿ, ಯಾವ ಅಂಚು, ಎಷ್ಟು ಕಚ್ಚು ಎಂಬುದನ್ನು ಹಾಳೆಯ ಮೇಲೆ ಬರೆದು ಎಲ್ಲರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.

ಪಶುಪಾಲನಾ ಇಲಾಖೆಯ 12 ಅಂಕಿಯ ಕಿವಿಯೋಲೆ (ಟ್ಯಾಗ್) ಸರ್ಕಾರಿ ದಾಖಲೆಗೆ ಸೇರುತ್ತದೆ, ನಿಮ್ಮ ಹೆಸರಿಗೇ ಇರುತ್ತದೆ. ಕಳ್ಳರು ಓಲೆಯನ್ನು ಕಿತ್ತೆಸೆಯುತ್ತಾರೆ ಎಂದು ಅನೇಕರು ಅದನ್ನೇ ಬೇಡವೆನ್ನುತ್ತಾರೆ. ಕಿತ್ತರೂ ತೂತು ಉಳಿಯುತ್ತದೆ. ಹಸಿ ಗಾಯದ ಕಿವಿಯ ಹದಿನೆಂಟು ಕುರಿ ಒಂದೇ ಗಾಡಿಯಲ್ಲಿದ್ದರೆ ಅದೇ ಒಂದು ಸಾಕ್ಷಿ.

ನಾಲ್ಕನೆಯದು ಹಚ್ಚೆ. ಕಿವಿಯ ಒಳಬದಿಗೆ ಇಕ್ಕಳದಿಂದ ಒತ್ತಿ ಶಾಯಿ ತಿಕ್ಕುವುದು. ಎರಡು ಮೂರು ತಿಂಗಳ ಮರಿಗೆ ಹಾಕಿದರೆ ಕೊನೆಯವರೆಗೂ ಓದಬಹುದು. ಕಪ್ಪು ಕಿವಿಯಲ್ಲಿ ಮಾತ್ರ ಏನೂ ಕಾಣುವುದಿಲ್ಲ.

ನಮ್ಮನ್ನು ಕೇಳಿದರೆ: ಓಲೆಯ ಜೊತೆ ಕಚ್ಚು. ಒಂದು ಹೋದರೂ ಇನ್ನೊಂದು ಇರುತ್ತದೆ.

ಓಲೆ ಹಾಕಿದ ಕಿವಿ ಕೊಳೆತು ಹುಳ ಬೀಳುತ್ತದೆ. ಏನು ತಪ್ಪಾಗಿದೆ?

ಹಾಕಿದ ಜಾಗ ಅಥವಾ ಹಾಕಿದ ಕಾಲ. ಓಲೆ ಕಿವಿಯ ನಡುಭಾಗದಲ್ಲಿ, ಕೈಗೆ ಸಿಗುವ ಎರಡು ಗಟ್ಟಿ ಏಣುಗಳ ನಡುವೆ, ರಕ್ತನಾಳ ತಪ್ಪಿಸಿ ಕೂರಬೇಕು. ತುದಿಗೆ ಹಾಕಿದರೆ ಜಾಲಿಗೆ ಸಿಕ್ಕಿ ಹರಿಯುತ್ತದೆ. ಕಿವಿಯನ್ನು ಬೆಳಕಿಗೆ ಹಿಡಿದರೆ ನಾಳಗಳು ಎಳೆಎಳೆಯಾಗಿ ಕಾಣುತ್ತವೆ, ಎಲ್ಲಿ ಚುಚ್ಚಬೇಕೆಂದು ಆಗ ಗೊತ್ತಾಗುತ್ತದೆ. ಇಕ್ಕಳದ ಮೊನೆಯನ್ನು ಪ್ರತಿ ಕುರಿಗೂ ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಎರಡು ಬಿಲ್ಲೆಗಳ ನಡುವೆ ಕಿವಿ ಉಸಿರಾಡುವಷ್ಟು ಸಂದು ಇರಲಿ. ನೊಣ ಹೆಚ್ಚಿರುವ ಮಳೆಗಾಲದಲ್ಲಿ ಹಾಕಿಸಬೇಡಿ. ಹಾಕಿಸಲೇಬೇಕಾದರೆ ನೊಣ ಓಡಿಸುವ ಸ್ಪ್ರೇ ಒಂದು ವಾರ ಹೊಡೆಯಿರಿ.

ಲೆಕ್ಕದ ಪುಸ್ತಕದಲ್ಲಿ ಏನು ಬರೆಯಬೇಕು? ನಮಗೆ ಓದು ಬರಹ ಅಷ್ಟಕ್ಕಷ್ಟೇ.

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಸಾಕು. ಇನ್ನೂರು ಪುಟದ ಒಂದು ನೋಟ್‌ಬುಕ್, ಪ್ರತಿ ಸಾಲಿಗೆ ಒಂದು ಕುರಿ: ಓಲೆ ಸಂಖ್ಯೆ, ಹೆಣ್ಣೋ ಗಂಡೋ, ಬಣ್ಣ, ಕಿವಿ ಕಚ್ಚು, ಕೊಂಬು, ಹಲ್ಲು, ಬೇರೆ ಗುರುತು. ಕೊನೆಯ ಅಂಕಣ ಮುಖ್ಯ. ‘ಎಡಗಣ್ಣಿನ ಕೆಳಗೆ ಕಾಸಿನಗಲ ಕಂದು ಮಚ್ಚೆ, ಬಲ ಹಿಂಗಾಲ ಗೊರಸು ಸೀಳು’ ಎಂದು ಬರೆದರೆ ಕೆಲಸಕ್ಕೆ ಬರುತ್ತದೆ. ‘ಬಿಳಿ ಕುರಿ’ ಎಂದರೆ ಬರುವುದಿಲ್ಲ. ಹುಟ್ಟು, ಸಾವು, ಮಾರಾಟ ಆದ ದಿನವೇ ಬರೆಯಿರಿ.

ಅದಕ್ಕಿಂತ ಸುಲಭ ಮೊಬೈಲು. ಪ್ರತಿ ಅಮಾವಾಸ್ಯೆಗೆ ಒಂದು ವಿಡಿಯೋ: ಎರಡು ಅಡಿ ಬಾಗಿಲಿನಿಂದ ಕುರಿಗಳನ್ನು ಒಂದೊಂದಾಗಿ ಬಿಡುತ್ತಾ, ದಿನಾಂಕ, ಊರು, ಒಟ್ಟು ಸಂಖ್ಯೆಯನ್ನು ಬಾಯಲ್ಲಿ ಹೇಳಿ, ಕೊನೆಗೆ ನಿಮ್ಮ ಮುಖ ಬರುವಂತೆ ತೆಗೆಯಿರಿ. ಬೇರೆ ಊರಲ್ಲಿರುವ ಮಗನಿಗೋ ಅಳಿಯನಿಗೋ ಕಳಿಸಿಡಿ. ಫೋನನ್ನೂ ಕಳ್ಳ ಒಯ್ದರೆ ವಿಡಿಯೋ ಅಲ್ಲಿರುತ್ತದೆ. ಟಗರು ಮತ್ತು ಬೆಲೆ ಬಾಳುವ ಹೆಣ್ಣುಕುರಿಗಳಿಗೆ ಎಡ ಮುಖ, ಬಲ ಮುಖ, ಕಿವಿ, ಹೀಗೆ ಮೂರು ಫೋಟೋ.

ದಿನದ ಎಣಿಕೆ ಎರಡು ಹೊತ್ತು. ಬಾಗಿಲಲ್ಲಿ ಪ್ರತಿ ಇಪ್ಪತ್ತಕ್ಕೆ ಒಂದು ಕಲ್ಲು ಜೇಬಿಗೆ ಹಾಕಿಕೊಳ್ಳುವುದು ಹಳೆಯ ಲೆಕ್ಕ, ಈಗಲೂ ತಪ್ಪುವುದಿಲ್ಲ. ಬೆಳಿಗ್ಗೆ ಮಾತ್ರ ಎಣಿಸುವವರಿಗೆ ಕುರಿ ಹಗಲು ಹೋಯಿತೋ ರಾತ್ರಿ ಹೋಯಿತೋ ಗೊತ್ತಾಗುವುದಿಲ್ಲ. ಠಾಣೆಯಲ್ಲಿ ಮೊದಲ ಪ್ರಶ್ನೆಯೇ ಅದು.

ಜಿಪಿಎಸ್ ಪಟ್ಟಿ ಕಟ್ಟಿದರೆ ಹೇಗೆ?

ಹೆದ್ದಾರಿಯ ಹತ್ತಿರದವರಿಗೆ ಉಪಯೋಗ. ಬೆಟ್ಟದ ಸಂದಿಗಳಲ್ಲಿ ಸಿಗ್ನಲ್ ಸಿಗುವುದಿಲ್ಲ, ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಖಾಲಿಯಾಗುತ್ತದೆ. ಕುತ್ತಿಗೆಯಲ್ಲಿ ಎದ್ದು ಕಾಣುವ ಪಟ್ಟಿಯನ್ನು ಮೊದಲ ಮೈಲಿಯಲ್ಲೇ ಎಸೆಯುತ್ತಾರೆ. ಹಾಕುವುದಾದರೆ ಎರಡು ಹಾಕಿ: ಒಂದು ಕಾಣುವಂತೆ, ಇನ್ನೊಂದನ್ನು ಗಂಟೆಯ ಪಟ್ಟಿಯೊಳಗೆ ಹೊಲಿದು. ಮೇಕೆಗೋ ನಾಯಿಗೋ ಬೇಡ, ದಪ್ಪ ಟಗರಿಗೆ ಕಟ್ಟಿ. ಕಳ್ಳ ಮೊದಲು ಕೈ ಹಾಕುವುದು ಅದಕ್ಕೇ.

ಕುರಿ ಕಾಣುತ್ತಿಲ್ಲ. ಚಿರತೆಯೋ, ತೋಳವೋ, ಕಳ್ಳನೋ ತಿಳಿಯುವುದು ಹೇಗೆ?

ಚಿರತೆ ಸಾಮಾನ್ಯವಾಗಿ ಕುತ್ತಿಗೆ ಹಿಡಿಯುತ್ತದೆ. ಹಲ್ಲಿನ ತೂತು, ನೆಲದ ಮೇಲೆ ಎಳೆದ ಗೀರು, ಮುಂದೆ ಪೊದೆಯಲ್ಲಿ ಕಳೇಬರ. ತೋಳ ಬಂದಿದ್ದರೆ ಉಳಿದ ಕುರಿಗಳಲ್ಲೂ ಗಾಯಗಳಿರುತ್ತವೆ, ಹಿಂಡು ಚದುರಿರುತ್ತದೆ. ಕಳ್ಳ ಬಂದಿದ್ದರೆ ರಕ್ತವಿಲ್ಲ, ಬಲೆ ನೇರವಾಗಿ ಕೊಯ್ದಿದೆ, ಹೋದದ್ದೆಲ್ಲ ದಪ್ಪನೆಯವು, ಬಡಕಲು ಒಂದೂ ಹೋಗಿಲ್ಲ.

ಕಾಡುಪ್ರಾಣಿಯಾದರೆ ಅಂದೇ ಅರಣ್ಯ ಇಲಾಖೆಗೆ ತಿಳಿಸಿ, ಅವರು ಬಂದು ನೋಡುವವರೆಗೆ ಕಳೇಬರ ಕದಲಿಸಬೇಡಿ. ಪರಿಹಾರ ಸಿಗಬೇಕಾದರೆ ಅದೇ ಆಧಾರ.

ಕಳ್ಳತನ ಆಗಿದೆ ಎಂದು ಗೊತ್ತಾದ ಮೊದಲ ಗಂಟೆಯಲ್ಲಿ ಏನು ಮಾಡಬೇಕು?

112. ಊರ ಹಿರಿಯರಿಗೆ, ಮೆಂಬರಿಗೆ, ನೆಂಟರಿಗೆ ಫೋನು ಮಾಡುವುದು ಅದಾದ ಮೇಲೆ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112 ಹೋಗುತ್ತದೆ. ಜಾಗ ಹೇಳುವಾಗ ‘ನಮ್ಮ ಹೊಲದ ಹತ್ತಿರ’ ಎಂದರೆ ಅವರಿಗೆ ತಿಳಿಯದು. ಊರು, ಹೋಬಳಿ, ಹತ್ತಿರದ ಗುಡಿ ಅಥವಾ ಕೆರೆ ಕೋಡಿ ಹೇಳಿ. ಬೆಸ್ಕಾಂ ಟಿಸಿಯ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಮೇಲೆ ಬರೆದ ಸಂಖ್ಯೆಯನ್ನೂ ಮೊದಲೇ ಬರೆದಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ಎಷ್ಟು ಕುರಿ, ಯಾವ ಬಣ್ಣದ ಯಾವ ಗಾಡಿ, ಯಾವ ಕಡೆ ಹೋಯಿತು, ಎಷ್ಟು ಹೊತ್ತಾಯಿತು. ಇಷ್ಟೇ ಸಾಕು.

ಆಮೇಲೆ ಆ ದಾರಿಯಲ್ಲಿರುವ ಪರಿಚಯದವರಿಗೆ, ಡಾಬಾದವರಿಗೆ, ಪೆಟ್ರೋಲ್ ಬಂಕಿನವರಿಗೆ ಫೋನು ಮಾಡಿ. ಟೋಲ್‌ನಲ್ಲೂ ಬಂಕಿನಲ್ಲೂ ಕ್ಯಾಮೆರಾ ಇರುತ್ತದೆ, ಹಳೆಯ ದೃಶ್ಯ ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ದೂರಿನಲ್ಲಿ ಅದನ್ನು ಹೆಸರಿಸಿ ಬೇಗ ತೆಗೆಸುವಂತೆ ಕೇಳಿ.

ಟೈರಿನ ಗುರುತು, ಹೆಜ್ಜೆ ಗುರುತುಗಳ ಮೇಲೆ ಬಾಂಡ್ಲಿ ಕವುಚಿಡಿ. ಊರವರೆಲ್ಲ ನೋಡಲು ಬಂದು ತುಳಿದುಬಿಟ್ಟರೆ ಏನೂ ಉಳಿಯುವುದಿಲ್ಲ. ಕೊಯ್ದ ಬಲೆಯನ್ನು ಅಂದೇ ಹೊಲಿಯಬೇಡಿ, ಪೊಲೀಸರು ಬಂದು ಜಾಗ ನೋಡಿ ಬರೆದುಕೊಳ್ಳುವ ಮಹಜರು ಆಗುವವರೆಗೆ ಅಲ್ಲಿಗೆ ಮುಳ್ಳು ಒತ್ತಿ.

ಬೈಕಿನಲ್ಲಿ ಬೆನ್ನಟ್ಟಬಹುದೇ?

ಬೇಡ. ತುಂಬಿದ ಗೂಡ್ಸ್ ಗಾಡಿ ರಾತ್ರಿ ಹೆದ್ದಾರಿಯಲ್ಲಿ ಬೈಕಿಗೆ ಗುದ್ದಿದರೆ ಕುರಿ ಲೆಕ್ಕ ಯಾರೂ ಕೇಳುವುದಿಲ್ಲ. ದೂರದಿಂದ ನೋಡಿ, ನಂಬರು ಬರೆದುಕೊಳ್ಳಿ, 112ಕ್ಕೆ ಹೇಳುತ್ತಿರಿ.

ಠಾಣೆಯಲ್ಲಿ ಎಫ್‌ಐಆರ್ ಮಾಡದೆ ಬರೀ ಹಿಂಬರಹ (ದೂರು ಬಂದಿದೆ ಎಂಬ ಚೀಟಿ) ಕೊಟ್ಟು ಕಳಿಸುತ್ತಾರೆ. ಏಕೆ?

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 303ನೇ ಕಲಂ ಕಳ್ಳತನದ್ದು, 3 ವರ್ಷದವರೆಗೆ ಜೈಲು. ಇಲ್ಲೊಂದು ಸೂಕ್ಷ್ಮವಿದೆ. ಕಳುವಾದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಅಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತನಿಖೆಗೆ ಇಳಿಯುವಂತಿಲ್ಲ. ‘ಒಂದು ಮರಿ ಹೋಯಿತು, ಮೂರೋ ನಾಲ್ಕೋ ಸಾವಿರ ಇರಬಹುದು’ ಎಂದು ಬಾಯಿಗೆ ಬಂದಂತೆ ಹೇಳಿದರೆ ಹಿಂಬರಹವೇ ಗತಿ. ಸಂತೆಯ ನಿಜವಾದ ದರ ತಿಳಿದುಕೊಂಡು, ಕುರಿಗೊಂದರಂತೆ ಬೆಲೆ ಬರೆದು, ಒಟ್ಟು ಮೊತ್ತ ಹಾಕಿ. ಹೆಚ್ಚಿಸಿ ಬರೆಯಬೇಡಿ, ಮುಂದೆ ಸಾಕ್ಷಿ ಹೇಳುವಾಗ ಅದೇ ತಿರುಗಿ ಹೊಡೆಯುತ್ತದೆ.

ಗೋಡೆ, ಸೂರು ಇರುವ ಶೆಡ್ಡಿನಿಂದ ಹೋಗಿದ್ದರೆ 305ನೇ ಕಲಂ ಅನ್ವಯಿಸುತ್ತದೆಯೇ ಎಂದು ಕೇಳಿ. ಮಾಲು ಇಡುವ ಕಟ್ಟಡದಿಂದ ಕದ್ದರೆ 7 ವರ್ಷದವರೆಗೆ ಶಿಕ್ಷೆ. ಹೆದರಿಸಿ, ಹೊಡೆದು ಒಯ್ದಿದ್ದರೆ ಅದು ಕಳ್ಳತನವಲ್ಲ, ಸುಲಿಗೆ, 309ನೇ ಕಲಂ. ಐದು ಅಥವಾ ಹೆಚ್ಚು ಜನ ಸೇರಿ ಹಾಗೆ ಮಾಡಿದ್ದರೆ ಡಕಾಯಿತಿ, 310. ಆದ್ದರಿಂದ ಎಷ್ಟು ಜನ ಇದ್ದರು, ಕೈಯಲ್ಲಿ ಏನಿತ್ತು, ಏನೆಂದು ಗದರಿಸಿದರು ಎಂಬುದನ್ನು ಬಿಡದೆ ಬರೆಸಿ. ‘ಕುರಿ ಕಳುವಾಗಿದೆ, ಹುಡುಕಿಕೊಡಿ’ ಎಂಬ ಒಂದು ಸಾಲಿನ ಅರ್ಜಿ ಕೊಟ್ಟು ಬಂದರೆ ಸುಲಿಗೆಯೂ ಕಳ್ಳತನವಾಗಿ ಇಳಿಯುತ್ತದೆ.

ಎಫ್‌ಐಆರ್ ಪ್ರತಿ ಬಿಟ್ಟಿ, ಅದು ನಿಮ್ಮ ಹಕ್ಕು. ಮಾಡಲು ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಪೊಲೀಸರೂ ಕೋರ್ಟೂ ನಡೆಯಬೇಕಾದ ರೀತಿ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಈ ದಾರಿ ಇದೆ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನಿಮಗೆ ತಿಳಿಸಬೇಕೆಂದೂ ಅದೇ ಸಂಹಿತೆ ಹೇಳುತ್ತದೆ.

ಮೇಯಿಸುತ್ತಾ ಆಂಧ್ರದೊಳಗೆ ಹೋಗಿದ್ದೆವು, ಅಲ್ಲಿ ಕಳುವಾಯಿತು. ದೂರು ಎಲ್ಲಿ?

ಯಾವ ಠಾಣೆಯಲ್ಲಾದರೂ ಕೊಡಬಹುದು. ತಮ್ಮ ಸರಹದ್ದಿನದಲ್ಲದಿದ್ದರೆ ಜೀರೋ ಎಫ್‌ಐಆರ್ ಎಂದು ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ‘ಅದು ಮಡಕಶಿರಾದ್ದು, ಅಲ್ಲಿಗೇ ಹೋಗಿ’ ಎಂದು ಬಾಯಿಮಾತಿನಲ್ಲಿ ಕಳಿಸುವಂತಿಲ್ಲ. ಆದರೂ ಜೀರೋ ಎಫ್‌ಐಆರ್ ಆದ ಮೇಲೆ ನೀವೇ ಅದರ ಪ್ರತಿ ಹಿಡಿದು ಆ ಠಾಣೆಗೆ ಒಮ್ಮೆ ಹೋಗಿಬನ್ನಿ. ಕಾಗದ ನಿಧಾನವಾಗಿ ಹೋಗುತ್ತದೆ, ಕುರಿ ಬೇಗ ಹೋಗುತ್ತದೆ.

ದೂರು ಹೇಗಿರಬೇಕು? ಒಂದು ಮಾದರಿ ಕೊಡಿ.

‘ದಿನಾಂಕ ಇಂಥದರ ಸಂಜೆ 6.30ಕ್ಕೆ ರೊಪ್ಪಕ್ಕೆ ಹೊಡೆದಾಗ 86 ಕುರಿ, 4 ಮೇಕೆ ಇದ್ದವು. ರಾತ್ರಿ 2.40ರ ಸುಮಾರಿಗೆ ಡಬ್ಬದ ಸದ್ದಿಗೆ ಎದ್ದು ಬ್ಯಾಟರಿ ಬಿಟ್ಟಾಗ ಉತ್ತರ ಮೂಲೆಯಲ್ಲಿ ಮೂವರು ಗಂಡಸರು ಕಂಡರು. ಒಬ್ಬನ ಕೈಯಲ್ಲಿ ಮಚ್ಚು ಇತ್ತು. ತೆಲುಗಿನಲ್ಲಿ ಬೆದರಿಸಿದರು. ಬಿಳಿ ಗೂಡ್ಸ್ ಗಾಡಿಯಲ್ಲಿ ಹೋದರು. ಎಣಿಸಿದಾಗ 14 ಕುರಿ ಇರಲಿಲ್ಲ. ಅವುಗಳ ಓಲೆ ಸಂಖ್ಯೆ, ಗುರುತು, ಬೆಲೆಯ ಪಟ್ಟಿ ಲಗತ್ತಿಸಿದೆ. ನಮ್ಮ ಮನೆಯ ಕಚ್ಚು: ಎಡಗಿವಿ ಕೆಳಅಂಚಿನಲ್ಲಿ ಎರಡು.’

ಹೊತ್ತು, ಸಂಖ್ಯೆ, ಕಂಡದ್ದು. ಯಾರ ಮೇಲಾದರೂ ಅನುಮಾನವಿದ್ದರೆ ಕಾರಣ ಸಹಿತ ಬರೆಯಿರಿ, ಹಳೇ ದ್ವೇಷಕ್ಕೆ ಹೆಸರು ಸೇರಿಸಬೇಡಿ.

ಕುರಿ ಸಿಕ್ಕಿವೆ, ಆದರೆ ಠಾಣೆಯಲ್ಲಿವೆ. ಬಿಡಿಸಿಕೊಳ್ಳುವುದು ಹೇಗೆ?

ವಶಪಡಿಸಿಕೊಂಡ ಮಾಲನ್ನು ಕೋರ್ಟಿನ ಆದೇಶದ ಮೇಲೆ ಬಿಡುತ್ತಾರೆ. ನಾಗರಿಕ ಸುರಕ್ಷಾ ಸಂಹಿತೆಯ 497 ಮತ್ತು 503ನೇ ಕಲಂಗಳ ಕೆಳಗೆ ವಕೀಲರ ಮೂಲಕ ಅರ್ಜಿ ಹಾಕಿ. ಜೊತೆಗೆ ಎಫ್‌ಐಆರ್ ಪ್ರತಿ, ಓಲೆ ಸಂಖ್ಯೆಗಳ ಪಟ್ಟಿ, ಲೆಕ್ಕದ ಪುಸ್ತಕ, ಹಳೆಯ ಫೋಟೋಗಳು. ಕೋರ್ಟು ಮುಚ್ಚಳಿಕೆ ಬರೆಸಿಕೊಂಡು, ಫೋಟೋ ತೆಗೆಸಿ ಮಧ್ಯಂತರ ವಶಕ್ಕೆ ಕೊಡುತ್ತದೆ. ಮಾಲನ್ನು ಠಾಣೆಯಲ್ಲಿ ಕೊಳೆಯಲು ಬಿಡಬಾರದೆಂದು ಸುಪ್ರೀಂ ಕೋರ್ಟು 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲೇ ಹೇಳಿದೆ, ವಕೀಲರಿಗೆ ಅದನ್ನು ನೆನಪಿಸಿ. ಮೇವಿಲ್ಲದೆ ಕಟ್ಟಿಹಾಕಿದ ಕುರಿಯ ವಿಷಯದಲ್ಲಿ ಅದು ಇನ್ನೂ ನಿಜ.

ಮಧ್ಯಂತರ ವಶಕ್ಕೆ ಬಂದ ಕುರಿಯನ್ನು ಕೋರ್ಟಿನ ಅನುಮತಿಯಿಲ್ಲದೆ ಮಾರಬೇಡಿ. ಸತ್ತರೆ ಪಶುವೈದ್ಯರಿಂದ ಬರೆಸಿಕೊಂಡು ಠಾಣೆಗೆ ತಿಳಿಸಿ.

ಕಳ್ಳ ನಮ್ಮ ಕೈಗೇ ಸಿಕ್ಕರೆ?

ಹಿಡಿಯಬಹುದು. ಹಿಡಿದ ಮೇಲೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಹೊಡೆದು, ವಿಡಿಯೋ ಮಾಡಿ ಹರಿಬಿಟ್ಟರೆ ಆ ವಿಡಿಯೋ ನಿಮ್ಮ ಮೇಲಿನ ಕೇಸಿಗೆ ಮೊದಲ ಸಾಕ್ಷಿ. ಮೈಮೇಲೆ ಬಂದವನನ್ನು ತಡೆಯಲು ಬೇಕಾದಷ್ಟು ಬಲ ಬಳಸುವ ಹಕ್ಕು ಕಾನೂನಿನಲ್ಲಿದೆ. ಓಡುತ್ತಿರುವವನಿಗೆ, ಕೈಕಟ್ಟಿ ಕೂರಿಸಿದವನಿಗೆ ಹೊಡೆಯುವುದು ಆ ಹಕ್ಕಿನೊಳಗೆ ಬರುವುದಿಲ್ಲ. ಅವನು ನಿಜವಾಗಿ ಕಳ್ಳನೇ ಎಂಬುದೂ ಕತ್ತಲಲ್ಲಿ ಖಾತ್ರಿಯಿರುವುದಿಲ್ಲ. 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿ ಜನ ಹೊಡೆದು, ಯಾವ ತಪ್ಪೂ ಮಾಡದ ಒಬ್ಬರು ಸತ್ತರು. ಊರಿನ ವಾಟ್ಸಾಪ್ ಗುಂಪಿನಲ್ಲಿ ಗಾಡಿಯ ನಂಬರು, ಬಣ್ಣ, ಹೊತ್ತು ಹಾಕಿ. ‘ಇವರೇ ಕಳ್ಳರು’ ಎಂದು ಮುಖದ ಫೋಟೋ ಹಾಕಬೇಡಿ.

ಲೈಸೆನ್ಸ್ ಇಲ್ಲದ ನಾಡಬಂದೂಕು ರೊಪ್ಪದಲ್ಲಿದ್ದರೆ ಆಯುಧ ಕಾಯ್ದೆಯಡಿ ಅಪರಾಧ ನಿಮ್ಮದೇ. ಒಳ್ಳೆಯ ಬ್ಯಾಟರಿ, ಜೋರು ಸೀಟಿ, ಇವೆರಡಕ್ಕೆ ಹೆದರಿ ಓಡುವವರೇ ಹೆಚ್ಚು. ಬಂದದ್ದು ಕದಿಯಲಿಕ್ಕೆ, ಕಾದಾಡಲಿಕ್ಕಲ್ಲ.

ಆಫ್ರಿಕಾದಲ್ಲಿ ದನಗಳ್ಳರ ಮೇಲೆ ಸೈನ್ಯವನ್ನೇ ಕಳಿಸಿದರು ಎಂದು ಓದಿದೆವು. ನಮ್ಮಲ್ಲೂ ಹಾಗಾಗಬಹುದೇ?

ಕೀನ್ಯಾದ ತುರ್ಕಾನಾ, ಪೊಕೊಟ್, ಉಗಾಂಡದ ಕರಮೋಜ ಕಡೆಯ ಮಾತು ಅದು. ಅಲ್ಲೂ ಗಡಿ, ಬರ, ದೂರದ ಠಾಣೆ, ದನವೇ ಆಸ್ತಿ. ವ್ಯತ್ಯಾಸ ಬಂದೂಕಿನದು. 1979ರಲ್ಲಿ ಇದಿ ಅಮೀನ್ ಆಡಳಿತ ಬಿದ್ದಾಗ ಮೊರೊಟೊದ ಶಸ್ತ್ರಾಗಾರ ಲೂಟಿಯಾಗಿ ದನಗಾಹಿಗಳ ಕೈಗೆ ರೈಫಲ್ ಬಂತು, ಅಲ್ಲಿಂದಾಚೆಗೆ ದನ ಹೊಡೆದೊಯ್ಯುವುದು ಹೆಣ ಬೀಳುವ ಕೆಲಸವಾಯಿತು. ಕೀನ್ಯಾ ಸರ್ಕಾರ 2023ರ ಫೆಬ್ರುವರಿಯಲ್ಲಿ ಸೈನ್ಯ ಇಳಿಸಿತು.

ನಮಗೂ ಇದು ತೀರ ಹೊಸದಲ್ಲ. ಕೋಲಾರ, ತುಮಕೂರು ಕಡೆಯ ಊರ ಮುಂದಿನ ವೀರಗಲ್ಲುಗಳಲ್ಲಿ ಎಷ್ಟೋ ತುರುಗೊಳ್‌ನವು, ದನ ಹೊಡೆದೊಯ್ಯುವವರನ್ನು ತಡೆದು ಸತ್ತವರವು. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲೂ ಇರುತ್ತದೆ. ಈಗ ನಮ್ಮಲ್ಲಿ ಇರುವುದು ದಂಡಲ್ಲ, ಗೂಡ್ಸ್ ಗಾಡಿ ಇಟ್ಟುಕೊಂಡ ಸಣ್ಣ ಗುಂಪುಗಳು. ಅದಕ್ಕೆ ಸೈನ್ಯ ಬೇಡ, ಗುಂಡುಕಲ್ಲು, ಮುಳ್ಳು, ನೋಟ್‌ಬುಕ್ ಸಾಕು.

ವಿಮೆ ಇದ್ದರೆ, ಅಥವಾ ಅನುಗ್ರಹ ಯೋಜನೆಯಲ್ಲಿ, ಕಳುವಾದ ಕುರಿಗೆ ದುಡ್ಡು ಬರುತ್ತದೆಯೇ?

ಅನುಗ್ರಹ ಯೋಜನೆ ಸತ್ತ ಕುರಿಗೆ, ಕಳುವಾದದ್ದಕ್ಕಲ್ಲ. ದೊಡ್ಡ ಕುರಿ, ಮೇಕೆಗೆ ಇದ್ದ 5,000 ರೂಪಾಯಿಯನ್ನು 2025-26ರ ಬಜೆಟ್‌ನಲ್ಲಿ 7,500ಕ್ಕೆ ಏರಿಸಿದರು. ಕಳ್ಳರು ತುರುಕುವಾಗ ಉಸಿರುಗಟ್ಟಿ ಸತ್ತು ಬಿದ್ದ ಕುರಿ ದಾರಿಯಲ್ಲಿ ಸಿಕ್ಕರೆ ಹೂಳುವ ಮುಂಚೆ ಪಶುವೈದ್ಯರಿಗೆ ತೋರಿಸಿ, ಮರಣೋತ್ತರ ಪರೀಕ್ಷೆಯ ಕಾಗದ ಪಡೆಯಿರಿ. ಯಾವ ಪರಿಹಾರ ಕೇಳುವುದಕ್ಕೂ ಅದೇ ಬೇಕು.

ರಾಷ್ಟ್ರೀಯ ಜಾನುವಾರು ಮಿಷನ್ ವಿಮೆಯಲ್ಲಿ 2024ರಿಂದ ಸಾಕುವವರು ಕಟ್ಟಬೇಕಾದ್ದು ಪ್ರೀಮಿಯಂನ 15%. ಹತ್ತು ಕುರಿಯನ್ನು ಒಂದು ಘಟಕವೆಂದು ಹಿಡಿದು 10 ಘಟಕ, ಅಂದರೆ ನೂರು ಕುರಿಯವರೆಗೆ ಮಾಡಿಸಬಹುದು. ಆದರೆ ಜಾನುವಾರು ವಿಮೆಯ ಸಾಮಾನ್ಯ ಪಾಲಿಸಿಗಳಲ್ಲಿ ಕಳ್ಳತನವನ್ನು ಹೊರಗಿಟ್ಟಿರುತ್ತಾರೆ. ಸಹಿ ಹಾಕುವ ಮುಂಚೆ ಏಜೆಂಟರಿಂದ ‘ಕಳ್ಳತನ’ ಎಂಬ ಪದ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿಕೊಳ್ಳಿ.

ಸುಗ್ಗಿ ಮುಗಿದ ಮೇಲೆ ದೂರ ಮೇಯಿಸಲು ಹೋಗುತ್ತೇವೆ. ಬೇರೆ ಏನು ಎಚ್ಚರ?

ಮಂದೆ ನಿಲ್ಲಿಸುವ ಹೊಲದ ಯಜಮಾನರ ಫೋನ್ ನಂಬರು, ಅಲ್ಲಿನ ಠಾಣೆಯ ನಂಬರು ಬರೆದಿಟ್ಟುಕೊಳ್ಳಿ. ನೀವು ಇಂಥ ದಿನದಿಂದ ಇಂಥ ಹೊಲದಲ್ಲಿದ್ದೀರಿ, ಇಷ್ಟು ಕುರಿ ಎಂದು ಬೀಟ್ ಪೊಲೀಸರಿಗೆ ತಿಳಿಸಿ. ಅನುಮಾನ ಬಂದಾಗ ಊರವರು ಮೊದಲು ಬೆರಳು ತೋರಿಸುವುದು ಹೊರಗಿನಿಂದ ಬಂದ ಕುರಿಗಾಹಿಯ ಕಡೆಗೇ, ಆಗಲೂ ಈ ಮಾತು ಕಾಯುತ್ತದೆ. ವಲಸೆ ಕುರಿಗಾಹಿಗಳ ಕ್ಷೇಮ ಮತ್ತು ದೌರ್ಜನ್ಯದ ವಿರುದ್ಧ ರಕ್ಷಣೆಗೆಂದು ವಿಧಾನಮಂಡಲ 2025ರಲ್ಲಿ ಮಸೂದೆ ಒಪ್ಪಿದೆ. ನೋಂದಣಿಯ ಬಗ್ಗೆ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದ ಮೇಲೆ ಹಳೆಯ ಕುರಿದಾರಿಗಳು ಬೇಲಿಯೊಳಗೆ ಸೇರಿ, ಹಿಂಡುಗಳು ಟಾರು ರಸ್ತೆಗೆ ಬಿದ್ದಿವೆ. ರಸ್ತೆಯಲ್ಲಿ ನಡೆಸುವಾಗ ಒಬ್ಬರು ಮುಂದೆ, ಒಬ್ಬರು ಕಡ್ಡಾಯವಾಗಿ ಹಿಂದೆ. ಕಳುವು ಯಾವಾಗಲೂ ಬಾಲದಿಂದ.

ಸಂತೆಯಲ್ಲಿ ಕದ್ದ ಕುರಿ ಕೊಂಡರೆ ನಮ್ಮ ಮೇಲೆ ಕೇಸಾಗುತ್ತದೆಯೇ?

ಕದ್ದದ್ದೆಂದು ಗೊತ್ತಿದ್ದೂ, ಅಥವಾ ಗೊತ್ತಾಗುವಂತಿದ್ದೂ ಕೊಂಡರೆ ಆಗುತ್ತದೆ, ನ್ಯಾಯ ಸಂಹಿತೆಯ 317ನೇ ಕಲಂ. ಅಕ್ಕಿರಾಂಪುರದಂಥ ದೊಡ್ಡ ಸಂತೆಯಲ್ಲಿ ಸುಂಕದ ಚೀಟಿ ಕೇಳಿ, ಮಾರಿದವರ ಊರು, ಫೋನು ಬರೆದುಕೊಳ್ಳಿ, ಫೋನ್‌ಪೇಯಲ್ಲಿ ದುಡ್ಡು ಕಳಿಸಿ. ಕಿವಿಯಲ್ಲಿ ಹಸಿ ಗಾಯ, ಹೊಸದಾಗಿ ಕತ್ತರಿಸಿದ ಉಣ್ಣೆ, ಸಂತೆಯ ಹೊರಗೆ ನಸುಕಿನಲ್ಲಿ ಅರ್ಧ ಬೆಲೆ ಇದ್ದರೆ ಮುಟ್ಟಬೇಡಿ. ಲಾರಿಯಲ್ಲಿ ಸಾಗಿಸುವುದಾದರೆ ಪಶುವೈದ್ಯರ ಪ್ರಮಾಣಪತ್ರ ಬೇಕು. 1978ರ ಸಾಗಣೆ ನಿಯಮದಂತೆ ನಾಲ್ಕೂವರೆ, ಐದು ಟನ್ನಿನ ಲಾರಿಗೆ 40ಕ್ಕಿಂತ ಹೆಚ್ಚು ಕುರಿ ಹಾಕುವಂತಿಲ್ಲ. ತುರುಕಿದ ಗಾಡಿ ಕಂಡರೆ 112ಕ್ಕೆ ಹೇಳಲು ಅದೊಂದೇ ಕಾರಣ ಸಾಕು.

ಪಾಲಿಗೆ ಬಿಟ್ಟ ಕುರಿ ಕಳುವಾದರೆ ನಷ್ಟ ಯಾರದು?

ಇದಕ್ಕೆ ಜಗಳವಾಗದ ಹಟ್ಟಿಯಿಲ್ಲ. ಮಾಲೀಕರು ಕಾಯುವವನ ಮೇಲೆ ಅನುಮಾನ ಪಡುತ್ತಾರೆ, ಕಾಯುವವನು ರಾತ್ರಿಯೆಲ್ಲ ಚಳಿಯಲ್ಲಿ ಮಲಗಿ ಕೊನೆಗೆ ಕಳ್ಳ ಎನಿಸಿಕೊಳ್ಳುತ್ತಾನೆ. ಬಿಡುವ ದಿನವೇ ಒಂದು ಹಾಳೆಯಲ್ಲಿ ಬರೆಯಿರಿ: ಎಷ್ಟು ಕುರಿ, ಯಾವ ಓಲೆ, ಸತ್ತರೆ ಏನು ತೋರಿಸಬೇಕು (ಚರ್ಮ ಮತ್ತು ಓಲೆಯಿರುವ ಕಿವಿ), ಕಳುವಾದರೆ ಯಾರು ದೂರು ಕೊಡಬೇಕು, ಎಫ್‌ಐಆರ್ ಆಗಿದ್ದರೆ ನಷ್ಟ ಹೇಗೆ ಹಂಚಿಕೊಳ್ಳಬೇಕು. ದೂರನ್ನು ಇಬ್ಬರೂ ಒಟ್ಟಿಗೆ ಹೋಗಿ ಕೊಡಿ: ಕಂಡದ್ದನ್ನು ಕಾಯುವವನು ಹೇಳಲಿ, ಒಡೆತನದ ಕಾಗದ ಮಾಲೀಕರು ಕೊಡಲಿ. ಕೂಲಿಗೆ ಚಿಕ್ಕ ಹುಡುಗರನ್ನು ರೊಪ್ಪದಲ್ಲಿ ಒಂಟಿಯಾಗಿ ಮಲಗಿಸುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಅದನ್ನು ಬಿಡಿ. ಹದಿನಾಲ್ಕು ತುಂಬದವರನ್ನು ಕೆಲಸಕ್ಕಿಟ್ಟುಕೊಳ್ಳುವುದೇ ಅಪರಾಧ, ಮಚ್ಚು ಹಿಡಿದು ಬಂದ ಮೂವರ ಎದುರು ಆ ಹುಡುಗ ಮಾಡುವುದಾದರೂ ಏನು.